ಹಳಿಯಿಲ್ಲದ ರೈಲುದಾರಿಯಲ್ಲಿ ಮೌದಖ್ ಅಳಿವೆಯ ದರ್ಶನ

ರೈಲುದಾರಿಯೊಂದು ಮುಚ್ಚಿಹೋದ ಮೇಲೆ ಅದರ ಹಳಿಗಳನ್ನು ಕಿತ್ತು ಹಳೆಯ ಉಕ್ಕಿನ ಬೆಲೆಗೆ ಮಾರುತ್ತಾರೆ. ಹಳಿಗಳ ಕೆಳಗಣ ಅಡ್ಡದಿಮ್ಮಿಗಳೂ ಬೇರೆ ಉಪಯೋಗಕ್ಕೆ ಹೋಗುತ್ತವೆ. ಆದರೆ ಹಳಿಗಳನ್ನು ಹೊತ್ತು ನಿಂತಿದ್ದ ಮಣ್ಣು ಕಲ್ಲುಗಳ ಏರಿಯನ್ನು ಯಾರೂ ಕಿತ್ತೊಯ್ಯುವುದಿಲ್ಲ. ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ, ಮಟ್ಟಸವಾಗಿ ಹಾಸಿದ ಆ ದಾರಿ ಹಾಗೆಯೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ 1963ರಲ್ಲಿ ಪ್ರಕಟವಾದ ಬೀಚಿಂಗ್ ವರದಿಯು ಸುಮಾರು 5,000 ಮೈಲಿಗಳಷ್ಟು ರೈಲುದಾರಿಯನ್ನು ಮುಚ್ಚಬೇಕೆಂದು ಸೂಚಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಹಳಿ ಕಳೆದುಕೊಂಡ ಇಂಥ ದಾರಿಗಳು ಆ ದೇಶದ ಎಲ್ಲೆಡೆಯೂ ಹಾಳುಬಿದ್ದುವು. ಅವುಗಳಲ್ಲಿ ಕೆಲವು ಇಂದು ನಡೆಯುವವರ ಮತ್ತು ಸೈಕಲ್ಲು ತುಳಿಯುವವರ ದಾರಿಗಳಾಗಿ ಮರುಹುಟ್ಟು ಪಡೆದಿವೆ. ವೇಲ್ಸಿನ ಪಶ್ಚಿಮ ಕರಾವಳಿಯಲ್ಲಿ, ಮೌದಖ್ ನದಿಯ ಅಳಿವೆಯ ಅಂಚನ್ನೇ ಹಿಡಿದು ಸಾಗುವ ಸುಮಾರು 15 ಕಿಲೋಮೀಟರಿನ ದಾರಿಯು ಅಂಥವುಗಳಲ್ಲೊಂದು.

ನೋಟದ ಚೆಲುವಿಗಾಗಿ ಈ ದಾರಿಯನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ಆ ಹೊಗಳಿಕೆ ಉತ್ಪ್ರೇಕ್ಷೆಯಲ್ಲ. ಆದರೆ ವಿದ್ಯಾರ್ಥಿಗಳಾದವರು ಇದನ್ನು ಎರಡು ಸರಳ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ನೋಡಬೇಕೆಂದು ನಮ್ಮ ಆಶಯ. ದಾರಿ ಏಕೆ ಇಷ್ಟು ಮಟ್ಟಸವಾಗಿದೆ? ನೀರಿನಿಂದ ಅದು ಎಷ್ಟು ಮೇಲಿದೆ? ಸೈಕಲ್ಲಿನ ಸುಖವೂ, ಅಳಿವೆಯ ಜೀವಿಗಳ ಪಾಡೂ, ದಾರಿಯ ತುದಿಯಲ್ಲಿರುವ ಒಂದು ಊರಿನ ಅಳಿವು ಉಳಿವೂ ಈ ಎರಡು ಪ್ರಶ್ನೆಗಳಿಗೆ ತಗುಲಿಕೊಂಡಿವೆ.

ಮೊದಲು ಹೆಸರುಗಳ ವಿಷಯ ಒಂದು ಮಾತು. ವೇಲ್ಸ್ ಭಾಷೆಯ ಉಚ್ಚಾರಣೆ ಇಂಗ್ಲಿಷ್ ಬಲ್ಲವರನ್ನು ಕಂಗೆಡಿಸುತ್ತದೆ. ಕನ್ನಡಿಗರಿಗೆ ಅಷ್ಟು ಕಷ್ಟವಿಲ್ಲ. ಮೌದಖ್ ಎಂಬುದರ ನಡುವಣ ಅಕ್ಷರ ನಮ್ಮ ದಕಾರಕ್ಕೆ ಸಮೀಪವಾದುದು. ದಾರಿಯ ಮೇಲ್ತುದಿಯಲ್ಲಿರುವ ಊರು ಡೊಲ್ಗೆಥ್ಲೈ. ಕೆಳತುದಿಯಲ್ಲಿ, ಕಡಲ ಬಾಯಲ್ಲಿರುವ ಊರನ್ನು ಇಂಗ್ಲಿಷರು ಬಾರ್ಮತ್ ಎನ್ನುತ್ತಾರೆ. ಅದರ ಹಳೆಯ ವೇಲ್ಸ್ ಹೆಸರು ಅಬೆರ್‌ಮೌ. ಅಬೆರ್ ಎಂದರೆ ನದಿ ಕಡಲನ್ನು ಸೇರುವ ಎಡೆ, ಎಂದರೆ ನಮ್ಮ ಅಳಿವೆಯೇ.

ಈ ಅಳಿವೆಯ ಹುಟ್ಟು ನಮ್ಮ ಕಾಳಿ ಶರಾವತಿಗಳ ಅಳಿವೆಗಳ ಹುಟ್ಟಿಗಿಂತ ಭಿನ್ನವಾದುದು. ಹಿಮಯುಗದಲ್ಲಿ ವೇಲ್ಸಿನ ಬೆಟ್ಟಗಳ ಮೇಲೆ ಮಂಜಿನ ಹೊದಿಕೆಯಿದ್ದಿತು. ಅಲ್ಲಿಂದ ಇಳಿದ ಹಿಮನದಿಯೊಂದು ಈ ಕಣಿವೆಯನ್ನು ಉಜ್ಜಿ ಅಗಲಿಸಿ, ಆಳವಾಗಿ ತೋಡಿತು. ಮಂಜು ಕರಗಿ ಕಡಲ ಮಟ್ಟ ಏರಿದಾಗ ಕಣಿವೆಯ ಕೆಳಭಾಗವನ್ನು ಕಡಲು ಹೊಕ್ಕಿತು. ಅಂದಿನಿಂದ ನದಿಯ ಹೂಳೂ ಕಡಲಿನ ಮರಳೂ ಸೇರಿ ಆ ಆಳವನ್ನು ತುಂಬುತ್ತ ಬಂದಿವೆ. ಆದುದರಿಂದಲೇ ಇಲ್ಲಿ ಎತ್ತರವಾದ ಬೆಟ್ಟಗಳ ಬುಡದಲ್ಲಿ ಹರಹಾದ, ಆಳವಿಲ್ಲದ ನೀರು ಕಾಣುತ್ತದೆ. ದಕ್ಷಿಣಕ್ಕೆ 893 ಮೀಟರು ಎತ್ತರದ ಕಾಡೇರ್ ಇಡ್ರಿಸ್ ಬೆಟ್ಟ. ಅದರ ಶಿಲೆಗಳು ಬಹುಮಟ್ಟಿಗೆ ಆರ್ಡೊವಿಸಿಯನ್ ಕಾಲದ ಜ್ವಾಲಾಮುಖಿಗಳ ಕಾಣಿಕೆ. ಉತ್ತರದ ದಂಡೆಯ ಶಿಲೆಗಳು ಇನ್ನೂ ಹಳೆಯವು, ಕೇಂಬ್ರಿಯನ್ ಕಾಲದವು. ಆ ಕಾಲಕ್ಕೆ ಆಡಂ ಸೆಜ್‌ವಿಕ್ 1835ರಲ್ಲಿ ಕೊಟ್ಟ ಹೆಸರು ವೇಲ್ಸಿನ ಲ್ಯಾಟಿನ್ ಹೆಸರಾದ ಕೇಂಬ್ರಿಯ ಎಂಬುದರಿಂದಲೇ ಬಂದುದು. ಉತ್ತರದ ಬೆಟ್ಟಗಳಲ್ಲಿ ಚಿನ್ನವೂ ದೊರೆತಿದೆ. ನಮ್ಮ ಕೋಲಾರದ ಚಿನ್ನದಂತೆ ಅದೂ ಬೆಣಚುಕಲ್ಲಿನ ಎಳೆಗಳಲ್ಲಿ ಹುದುಗಿದ್ದುದು. ಕ್ಲೊಗೌ ಗಣಿಯ ಚಿನ್ನದಿಂದ 1923ರಿಂದೀಚೆಗೆ ಬ್ರಿಟನ್ನಿನ ರಾಜಮನೆತನದ ಮದುವೆಯುಂಗುರಗಳನ್ನು ಮಾಡಿಸಿದ್ದುಂಟು.

ಇನ್ನು ರೈಲಿನ ವಿಚಾರ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಈ ಅಳಿವೆಯ ದಂಡೆಗಳಲ್ಲಿ ಮರದ ಹಡಗುಗಳನ್ನು ಕಟ್ಟುತ್ತಿದ್ದರು. ಸರಕು ಹೋಗುತ್ತಿದ್ದುದು ನೀರಿನ ಮೇಲೆ. 1865ರಲ್ಲಿ ರೈಲುದಾರಿ ಕಡಲ ಕಡೆಯಿಂದ ಪೆನ್‌ಮೈನ್‌ಪೂಲ್ ಎಂಬಲ್ಲಿಗೆ ಬಂದಿತು. 1869ರಲ್ಲಿ ಡೊಲ್ಗೆಥ್ಲೈ ಮುಟ್ಟಿತು. ಹಡಗಿನ ಕಸಬು ಅಲ್ಲಿಗೆ ಮುಗಿಯಿತೆನ್ನಬಹುದು. ರೈಲಾದರೂ ಶಾಶ್ವತವಾಗಿ ನಿಂತಿತೇ? ಒಂದು ಶತಮಾನವೂ ತುಂಬಲಿಲ್ಲ. 1964ರ ಡಿಸೆಂಬರಿನಲ್ಲಿ ನೆರೆ ಬಂದು ಈ ಮಾರ್ಗದ ಕೆಲವೆಡೆ ಹಳಿ ಕೆಟ್ಟಿತು. 1965ರ ಜನವರಿಯಲ್ಲಿ ಮಾರ್ಗವನ್ನೇ ಮುಚ್ಚಿದರು.

ರೈಲಿನ ಎಂಜಿನಿಯರರು ಬೆಟ್ಟವನ್ನು ಬಿಟ್ಟು ನೀರಿನ ಅಂಚನ್ನೇ ಏಕೆ ಹಿಡಿದರು? ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಉಂಟಾಗುವ ತಡೆ ಅತ್ಯಲ್ಪ. ಒಂದು ಟನ್ನು ಭಾರದ ಬಂಡಿಯನ್ನು ಸಮತಲದ ಮೇಲೆ ಮೆಲ್ಲಗೆ ಎಳೆಯಲು ಸುಮಾರು 2 ಕಿಲೋಗ್ರಾಂ ಭಾರದಷ್ಟು ಸೆಳೆತ ಸಾಕು. ಈಗ ಅದೇ ಬಂಡಿಯನ್ನು ನೂರು ಮೀಟರಿಗೆ ಒಂದು ಮೀಟರು ಏರುವ ಇಳಿಜಾರಿನ ಮೇಲಿಡೋಣ. ಕಣ್ಣಿಗೆ ಆ ಏರು ತೋರುವುದೇ ಇಲ್ಲ. ಆದರೂ ಭಾರದ ನೂರರಲ್ಲೊಂದು ಭಾಗ, ಎಂದರೆ 10 ಕಿಲೋಗ್ರಾಂ, ಬಂಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಎರಡಿದ್ದ ಸೆಳೆತ ಹನ್ನೆರಡಾಗಬೇಕಾಯಿತು, ಆರು ಪಟ್ಟು! ಇನ್ನೂರು ಟನ್ನಿನ ರೈಲಿಗೆ ಈ ವ್ಯತ್ಯಾಸವೆಂದರೆ ಎಂಜಿನ್ನು ಬದಲಾಯಿಸುವ ಮಾತು. ಜೊತೆಗೆ ನುಣುಪಾದ ಉಕ್ಕಿನ ಮೇಲೆ ಎಂಜಿನ್ನಿನ ಗಾಲಿ ಜಾರುವ ಭಯವೂ ಉಂಟು. ಎತ್ತಿನ ಗಾಡಿಯ ದಾರಿ ಬೆಟ್ಟವನ್ನು ಹತ್ತಿ ಇಳಿಯಬಹುದು. ಅಲ್ಲಿ ತಡೆ ಮೊದಲೇ ಹೆಚ್ಚಾಗಿರುವುದರಿಂದ ಏರಿನ ಪಾಲು ಅಷ್ಟಾಗಿ ಬಾಧಿಸುವುದಿಲ್ಲ. ರೈಲಿಗೆ ತಡೆ ಕಡಮೆಯಿರುವುದೇ ಏರಿನ ವಿಷಯದಲ್ಲಿ ಅದನ್ನು ದುರ್ಬಲವನ್ನಾಗಿ ಮಾಡುತ್ತದೆ.

ಇಂಥ ಬೆಟ್ಟದ ನಾಡಿನಲ್ಲಿ ಮಟ್ಟಸವಾದ ನೆಲ ಎಲ್ಲಿ ದೊರೆಯುತ್ತದೆ? ಕಡಲ ನೀರು ತಾನೇ ಹಾಸಿಕೊಟ್ಟ ಅಳಿವೆಯ ಅಂಚಿನಲ್ಲಿ ಮಾತ್ರ. ಅಲ್ಲಿ ಅತ್ಯುನ್ನತ ಉಬ್ಬರದ ಗುರುತಿಗಿಂತ ಸ್ವಲ್ಪ ಮೇಲೆ ಏರಿ ಕಟ್ಟಿ ಹಳಿ ಹಾಸಿದರು. ಹೆಚ್ಚು ಎತ್ತರಿಸಿದರೆ ಹಣ ದಂಡ, ಕಡಮೆಯಾದರೆ ಹಳಿಗೆ ಗಂಡಾಂತರ. ರೈಲು ಥಟ್ಟನೆ ತಿರುಗಲಾರದುದರಿಂದ ದಂಡೆ ಒಳಸರಿದಲ್ಲೆಲ್ಲ ಏರಿಯನ್ನು ನೇರವಾಗಿ ಹಾಯಿಸಿದರು. ಈ ಎರಡು ನಿರ್ಧಾರಗಳ ಫಲವನ್ನು ಇಂದಿಗೂ ಕಾಲಿನ ಕೆಳಗೆ ಕಾಣಬಹುದು. ಡೊಲ್ಗೆಥ್ಲೈಯಿಂದ ಹೊರಟ ಹುಡುಗನು ಏದುಸಿರಿಲ್ಲದೆ ಕಡಲನ್ನು ಮುಟ್ಟುತ್ತಾನೆ. ಅವನಿಗಾಗಿ ಉಗಿಯೆಂಜಿನ್ನು ಮೊದಲೇ ಲೆಕ್ಕ ಹಾಕಿಟ್ಟಿದೆ. ಅವನಿಗೆ ಎದುರಾಗುವುದು ಕಡಲ ಗಾಳಿಯೊಂದೇ. ಅಲ್ಲಿ ಸಾಮಾನ್ಯವಾಗಿ ಪಶ್ಚಿಮದಿಂದಲೂ ನೈಋತ್ಯದಿಂದಲೂ ಗಾಳಿ ಬೀಸುವುದರಿಂದ ಬಲ್ಲವರು ಹೋಗುವಾಗ ಕಷ್ಟಪಟ್ಟು ಬರುವಾಗ ಸುಖಪಡುತ್ತಾರೆ.

ಡೊಲ್ಗೆಥ್ಲೈಯ ಹತ್ತಿರ ಹರಿಯುವುದು ಊನ್ಯೊನ್ ಎಂಬ ಉಪನದಿ. ಅದು ಊರಿನ ಕೆಳಗೆ ಮೌದಖ್ ನದಿಯನ್ನು ಕೂಡಿಕೊಳ್ಳುತ್ತದೆ. ಹೊಲ, ಆಲ್ಡರ್ ಮತ್ತು ವಿಲೋ ಮರಗಳ ತೋಪು ಇವುಗಳ ನಡುವೆ ದಾರಿ ಸಾಗುತ್ತದೆ. ಪೆನ್‌ಮೈನ್‌ಪೂಲ್ ಬರುತ್ತಲೇ ನೋಟ ಬದಲಾಗುತ್ತದೆ. ಇಲ್ಲಿ 1879ರಲ್ಲಿ ಕಟ್ಟಿದ ಮರದ ಸುಂಕದ ಸೇತುವೆಯೊಂದಿದೆ. 1966ರ ಜುಲೈ ತಿಂಗಳಲ್ಲಿ ಬಾರ್ಮತ್ತಿನಿಂದ ವಿಹಾರಕ್ಕೆ ಬಂದ ದೋಣಿಯೊಂದು ಸೆಳವಿಗೆ ಸಿಕ್ಕಿ ಈ ಸೇತುವೆಯ ಕಂಬಕ್ಕೆ ಬಡಿದು ಮುಳುಗಿತು. ಹದಿನೈದು ಜನರು ಸತ್ತರು. ಕಡಲಿನಿಂದ ಹತ್ತು ಕಿಲೋಮೀಟರಿನಷ್ಟು ಒಳಗಿರುವ ಈ ಶಾಂತವಾದ ನೀರಿನಲ್ಲಿ ಅಂಥ ಸೆಳವು ಎಲ್ಲಿಂದ ಬಂದಿತು? ಉತ್ತರ ಉಬ್ಬರದಲ್ಲಿದೆ.

ಬಾರ್ಮತ್ತಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಕಡಲು ನಾಲ್ಕು ಮೀಟರಿಗೂ ಹೆಚ್ಚು ಏರಿ ಇಳಿಯುತ್ತದೆ. ಕಾರವಾರದ ಕಡಲಿನ ಏರಿಳಿತ ಇದರ ಅರ್ಧದಷ್ಟು. ಪ್ರತಿ ಹನ್ನೆರಡೂವರೆ ಗಂಟೆಗೊಮ್ಮೆ ಇಷ್ಟು ನೀರು ಒಂದು ಕಿರಿದಾದ ಬಾಯಿಯ ಮೂಲಕ ಒಳಹೊಕ್ಕು ಹೊರಬೀಳಬೇಕಾದರೆ ಸೆಳವು ಹುಟ್ಟದೆ ಇರುವುದೆಂತು? ಆದರೆ ವಿಷಯ ಇಷ್ಟಕ್ಕೇ ಮುಗಿಯಲಿಲ್ಲ. ಉಬ್ಬರವೆಂಬುದು ಒಂದು ಮಹಾತರಂಗ. ಆಳವಿಲ್ಲದ ನೀರಿನಲ್ಲಿ ಇಂಥ ತರಂಗದ ವೇಗವು ಆಳವನ್ನು ಅವಲಂಬಿಸಿದೆ: ಗುರುತ್ವ ವೇಗೋತ್ಕರ್ಷವಾದ 9.8ನ್ನು ಮೀಟರುಗಳಲ್ಲಿ ಅಳೆದ ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಇಷ್ಟು ಮೀಟರು ಎಂದು ವೇಗ ಬರುತ್ತದೆ. ನಾಲ್ಕು ಮೀಟರು ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 6.3 ಮೀಟರು, ಒಂದು ಮೀಟರು ಆಳದಲ್ಲಿ ಸುಮಾರು 3.1 ಮೀಟರು ಮಾತ್ರ. ತರಂಗದ ನೆತ್ತಿಯ ಕೆಳಗೆ ನೀರು ಆಳವಾಗಿರುತ್ತದೆ, ತಗ್ಗಿನ ಕೆಳಗೆ ತೆಳುವಾಗಿರುತ್ತದೆ. ಆದುದರಿಂದ ನೆತ್ತಿ ವೇಗವಾಗಿ ಓಡಿ ಮುಂದಿನ ತಗ್ಗನ್ನು ಹಿಡಿಯಲು ಹವಣಿಸುತ್ತದೆ. ಒಳಗೆ ಹೋದಷ್ಟೂ ತರಂಗದ ಮುಂಭಾಗ ಕಡಿದಾಗುತ್ತದೆ, ಹಿಂಭಾಗ ನೀಳವಾಗುತ್ತದೆ. ಎಂದರೆ ನೀರು ಏರುವ ಹೊತ್ತು ಕಿರಿದು, ಇಳಿಯುವ ಹೊತ್ತು ಹಿರಿದು. ಏರುವ ನೀರಿಗೆ ಅಷ್ಟೇ ವೇಗ ಹೆಚ್ಚು.

ಈ ಸಣ್ಣ ಅಸಮತೆಯು ಅಳಿವೆಯ ಭವಿಷ್ಯವನ್ನೇ ನಿರ್ಣಯಿಸುತ್ತದೆ. ನೀರು ಮರಳನ್ನು ಸಾಗಿಸುವ ಸಾಮರ್ಥ್ಯವು ವೇಗಕ್ಕೆ ಸಮನಾಗಿ ಹೆಚ್ಚುವುದಿಲ್ಲ. ವೇಗದ ಘನಕ್ಕೆ ಸಮೀಪವಾಗಿ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ಮರಳು ಎಂಟು ಪಟ್ಟು! ಬಿರುಸಿನಿಂದ ಬರುವ ಉಬ್ಬರ ಹೊತ್ತುತಂದುದನ್ನು ಮೆಲ್ಲನೆ ಹೋಗುವ ಇಳಿತ ಪೂರ್ತಿಯಾಗಿ ಹಿಂದಕ್ಕೊಯ್ಯಲಾರದು. ಇಳಿತದ ವೇಳೆಯಲ್ಲಿ ಪೆನ್‌ಮೈನ್‌ಪೂಲಿನ ಕೆಳಗೆ ಹೊನ್ನಿನ ಬಣ್ಣದಲ್ಲಿ ಮೈಚಾಚಿ ಮಲಗುವ ಮರಳುದಿಬ್ಬಗಳು ಬಹುಮಟ್ಟಿಗೆ ಕಡಲಿನ ಸ್ವತ್ತು. ನದಿಯೇ ಎಲ್ಲವನ್ನೂ ಮೇಲಿನಿಂದ ತಂದು ಹಾಕುತ್ತದೆ ಎಂಬ ನಮ್ಮ ಸಾಮಾನ್ಯ ಕಲ್ಪನೆ ಇಲ್ಲಿ ಸಲ್ಲುವುದಿಲ್ಲ.

ನದಿಯ ಕಾಣಿಕೆ ನವುರಾದ ಕೆಸರು. ಇದನ್ನು ನೋಡಬೇಕಾದರೆ ದಾರಿಯ ಬಲಗಡೆಯ ಮರೆಯ ಮೂಲೆಗಳನ್ನು ಹುಡುಕಬೇಕು. ಜೇಡಿಯ ಕಣಗಳು ಎಷ್ಟು ಸಣ್ಣವೆಂದರೆ, 0.002 ಮಿಲಿಮೀಟರು ವ್ಯಾಸದ ಕಣವೊಂದು ತಣ್ಣನೆಯ ನಿಶ್ಚಲ ಜಲದಲ್ಲಿ ಒಂದು ಮೀಟರು ಇಳಿಯಲು ಸುಮಾರು ನಾಲ್ಕು ದಿನ ಬೇಕೆಂದು ಸ್ಟೋಕ್ಸನ ನಿಯಮದಿಂದ ಲೆಕ್ಕ ಹಾಕಬಹುದು. ಉಬ್ಬರ ತುಂಬಿ ಇಳಿತ ತೊಡಗುವ ನಡುವೆ ನೀರು ನಿಶ್ಚಲವಾಗಿರುವುದು ಗಂಟೆಗಿಂತಲೂ ಕಡಮೆ ಹೊತ್ತು. ಹಾಗಿದ್ದರೆ ಜೇಡಿ ಇಲ್ಲಿ ನಿಲ್ಲುವುದಾದರೂ ಹೇಗೆ? ಇಲ್ಲಿ ಉಪ್ಪು ಸಹಾಯಕ್ಕೆ ಬರುತ್ತದೆ. ಸಿಹಿನೀರಿನಲ್ಲಿ ಜೇಡಿಯ ಕಣಗಳೆಲ್ಲ ಋಣ ವಿದ್ಯುದಂಶವುಳ್ಳವಾಗಿ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಕಡಲ ನೀರು ಬೆರೆತೊಡನೆ ಅದರಲ್ಲಿರುವ ಧನ ಅಯಾನುಗಳು ಈ ವಿಕರ್ಷಣೆಯನ್ನು ಮರೆಮಾಡುತ್ತವೆ. ಕಣಗಳು ಒಂದಕ್ಕೊಂದು ಅಂಟಿ ಗರಣೆಗಟ್ಟುತ್ತವೆ. ವ್ಯಾಸ ಹತ್ತು ಪಟ್ಟಾದರೆ ಇಳಿಯುವ ವೇಗ ನೂರು ಪಟ್ಟು. ಗರಣೆಯು ಸಡಿಲವಾಗಿರುವುದರಿಂದ ಲಾಭ ಪೂರ್ತಿ ನೂರು ಪಟ್ಟು ದೊರೆಯದಿದ್ದರೂ, ದಿನಗಳ ಕೆಲಸ ಗಂಟೆಗಳಿಗೆ ಇಳಿಯುವುದು ನಿಶ್ಚಯ. ಒಂದು ಲೋಟದಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು ತೆಗೆದುಕೊಂಡು ಎರಡರಲ್ಲೂ ಸಮನಾಗಿ ಕೆರೆಯ ಜೇಡಿಮಣ್ಣನ್ನು ಕದಡಿ ಇಟ್ಟು ನೋಡಿದರೆ ಇದನ್ನು ಯಾವ ವಿದ್ಯಾರ್ಥಿಯಾದರೂ ಮನೆಯಲ್ಲಿಯೇ ಕಾಣಬಹುದು.

ಕೆಸರು ಸ್ವಲ್ಪ ಎತ್ತರಕ್ಕೆ ಬಂದು ದಿನದ ಕೆಲವು ಗಂಟೆ ಗಾಳಿಗೆ ತೆರೆದುಕೊಂಡಿತೆಂದರೆ ಅದರ ಮೇಲೆ ಸಸ್ಯಗಳು ನೆಲಸುತ್ತವೆ. ನಮ್ಮ ಕರಾವಳಿಯಲ್ಲಿ ಈ ಸ್ಥಾನವನ್ನು ಕಾಂಡ್ಲಾ ಕಾಡು ಹಿಡಿಯುತ್ತದೆ. ಚಳಿಯ ನಾಡಿನಲ್ಲಿ ಕಾಂಡ್ಲಾ ಬೆಳೆಯದು. ಅಲ್ಲಿ ಹುಲ್ಲು ಮೂಲಿಕೆಗಳ ಉಪ್ಪುಜವುಗು ಬೆಳೆಯುತ್ತದೆ. ಎಲ್ಲಕ್ಕೂ ಮೊದಲು ಬರುವುದು ಸ್ಯಾಲಿಕಾರ್ನಿಯ ಎಂಬ ತಿರುಳುಗಾಂಡದ ಕಿರುಗಿಡ. ಉಪ್ಪುನೀರಿನಲ್ಲಿ ಸಾಮಾನ್ಯ ಗಿಡವನ್ನು ನೆಟ್ಟರೆ ಅಭಿಸರಣೆಯ ನಿಯಮದಂತೆ ಬೇರಿನ ನೀರೇ ಹೊರಕ್ಕೆ ಹರಿದು ಗಿಡ ಬಾಡುತ್ತದೆ. ಸ್ಯಾಲಿಕಾರ್ನಿಯವು ತನ್ನ ಜೀವಕೋಶಗಳಲ್ಲೇ ಉಪ್ಪನ್ನು ಕೂಡಿಟ್ಟುಕೊಂಡು ಒಳಗಿನ ಸಾಂದ್ರತೆಯನ್ನು ಹೊರಗಿನದಕ್ಕಿಂತ ಹೆಚ್ಚಿಸಿಕೊಳ್ಳುತ್ತದೆ. ನೀರು ಮತ್ತೆ ಒಳಮುಖವಾಗುತ್ತದೆ. ಅದರ ಕಾಂಡಗಳ ನಡುವೆ ಸೆಳವು ತಗ್ಗಿ ಇನ್ನಷ್ಟು ಕೆಸರು ನಿಲ್ಲುತ್ತದೆ. ನೆಲ ಏರಿದಂತೆ ಹುಲ್ಲುಗಳು, ಕಡಲ ಆಸ್ಟರ್, ಬೇಸಗೆಯಲ್ಲಿ ನಸುಗೆಂಪು ಹೂ ತಳೆಯುವ ಥ್ರಿಫ್ಟ್, ಕಡೆಗೆ ಜೊಂಡು ಹೀಗೆ ಒಂದರ ಮೇಲೊಂದು ಪಟ್ಟಿಗಳು ಏರ್ಪಡುತ್ತವೆ. ಕೆಸರಿನಲ್ಲಿ ಹುಳ ಹುಪ್ಪಟೆಗಳಿಗಾಗಿ ಹಕ್ಕಿಗಳು ಬರುತ್ತವೆ. ಕರ್ಲೂ ಎಂಬ ಹಕ್ಕಿಯ ಬಾಗಿದ ಕೊಕ್ಕು ಹದಿನೈದು ಸೆಂಟಿಮೀಟರಿನವರೆಗೂ ಉದ್ದವಿರುವುದರಿಂದ ಇತರ ಹಕ್ಕಿಗಳಿಗೆ ನಿಲುಕದ ಹುಳುಗಳು ಅದರ ಪಾಲಾಗುತ್ತವೆ.

ಈಗ ಏರಿಯ ಮೇಲೆ ನಿಂತು ಬಲಕ್ಕೂ ಎಡಕ್ಕೂ ನೋಡೋಣ. ಬಲಗಡೆ ಉಪ್ಪುಜವುಗು. ಎಡಗಡೆ, ಹತ್ತು ಹೆಜ್ಜೆಯ ಅಂತರದಲ್ಲಿ, ಸಿಹಿನೀರಿನ ಜೊಂಡು, ವಿಲೋ ಪೊದೆ, ದನಗಳು ಮೇಯುವ ಹುಲ್ಲುಗಾವಲು. ರೈಲಿನ ಏರಿ ಕಟ್ಟುವ ಮುನ್ನ ಇಂಥಲ್ಲಿ ಉಪ್ಪಿನಿಂದ ಸಿಹಿಗೆ ಮೆಲ್ಲಮೆಲ್ಲನೆ ಬದಲಾಗುವ ಅಗಲವಾದ ಅಂಚು ಇರುತ್ತಿದ್ದಿತು. ಏರಿ ಅದನ್ನು ಚಾಕುವಿನಿಂದ ಕೊಯ್ದಂತೆ ಎರಡು ಮಾಡಿತು. ರೈಲನ್ನು ಹೊರುವುದಕ್ಕಾಗಿ ಕಟ್ಟಿದ ಏರಿಯು ತಾನಾಗಿಯೇ ಕಡಲ ತಡೆಗೋಡೆಯೂ ಆಯಿತು. ಕಡಲ ಮಟ್ಟ ಸ್ಥಿರವಾಗಿರುವವರೆಗೆ ಇದರಿಂದ ದೊಡ್ಡ ಅನರ್ಥವಿಲ್ಲ. ಮಟ್ಟ ಏರತೊಡಗಿದರೋ? ಏರಿಯಿಲ್ಲದ ದಂಡೆಯಲ್ಲಿ ಜವುಗಿನ ಸಸ್ಯಗಳು ತಲೆಮಾರಿನಿಂದ ತಲೆಮಾರಿಗೆ ಒಂದೊಂದು ಹೆಜ್ಜೆ ಹಿಂದಕ್ಕೆ, ಮೇಲಕ್ಕೆ ಸರಿಯುತ್ತವೆ. ಏರಿಯಿರುವಲ್ಲಿ ಹಿಂದಕ್ಕೆ ಸರಿಯಲು ತಾವಿಲ್ಲ. ಮುಂದಿನಿಂದ ಕಡಲು, ಹಿಂದಿನಿಂದ ಕಲ್ಲು. ನಡುವಣ ಜವುಗು ಇಕ್ಕಟ್ಟಿಗೆ ಸಿಕ್ಕಿ ಕಿರಿದಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಿನಿಂದ ಈವರೆಗೆ ಪ್ರಪಂಚದ ಕಡಲ ಮಟ್ಟ ಸರಾಸರಿ ಸುಮಾರು 20 ಸೆಂಟಿಮೀಟರು ಏರಿದೆ. ಈಚಿನ ವರ್ಷಗಳಲ್ಲಿ ಏರುವ ಗತಿ ವರ್ಷಕ್ಕೆ 4 ಮಿಲಿಮೀಟರಿಗೆ ಸಮೀಪವಾಗಿದೆ. ಕೆಸರು ಸಾಕಷ್ಟು ದೊರೆತರೆ ಜವುಗು ತಾನೂ ಅಷ್ಟೇ ಬೆಳೆದು ಕಡಲಿಗೆ ಸಮನಾಗಿ ನಿಲ್ಲಬಲ್ಲದು. ಗತಿ ಹೆಚ್ಚಿದಷ್ಟೂ ಆ ಪೈಪೋಟಿ ಕಠಿನವಾಗುತ್ತದೆ.

ಆರ್ಥಾಗ್ ಎಂಬ ಹಳ್ಳಿಯ ಹತ್ತಿರ ಇನ್ನೊಂದು ಬಗೆಯ ಜವುಗು ಸಿಕ್ಕುತ್ತದೆ. ಇದಕ್ಕೆ ಕಡಲಿನ ನೀರೂ ಬೇಡ, ನದಿಯ ನೀರೂ ಬೇಡ. ಮಳೆಯ ನೀರನ್ನೇ ಹೀರಿ ಬದುಕುವ ಸ್ಫ್ಯಾಗ್ನಮ್ ಪಾಚಿ ಸಾವಿರಾರು ವರ್ಷ ತನ್ನ ಹಿಂದಿನ ತಲೆಮಾರುಗಳ ಮೇಲೆ ತಾನೇ ಬೆಳೆದು ಗುಬ್ಬಿಯಂತೆ ಉಬ್ಬಿನಿಂತ ಪೀಟ್ ನೆಲ ಇದು. ನೀರು ಆಮ್ಲವಾಗಿರುವುದರಿಂದಲೂ ವಾಯುವಿಲ್ಲದಿರುವುದರಿಂದಲೂ ಸತ್ತ ಪಾಚಿ ಕೊಳೆಯುವುದಿಲ್ಲ. ಅದರ ಇಂಗಾಲ ನೆಲದಲ್ಲೇ ಉಳಿಯುತ್ತದೆ. ಹಿಂದೆ ಜನರು ಇದನ್ನು ಕಡಿದು ಒಣಗಿಸಿ ಒಲೆಗೆ ಉರಿಸುತ್ತಿದ್ದರು. ಉಳಿದ ತುಣುಕನ್ನು ಈಗ ಪಕ್ಷಿ ಸಂರಕ್ಷಣೆಯ ರಾಯಲ್ ಸಂಘವು ಕಾಪಾಡುತ್ತಿದೆ. ಉಪ್ಪುನೀರು ನುಗ್ಗಿದರೆ ಸ್ಫ್ಯಾಗ್ನಮ್ ಬದುಕಲಾರದೆಂಬುದನ್ನು ನೆನಪಿನಲ್ಲಿಡಬೇಕು. ಎಂದರೆ ಏರಿಯ ಹೊರಗಿನ ಉಪ್ಪುಜವುಗಿನ ಹಿತ ಒಂದು, ಒಳಗಿನ ಪೀಟಿನ ಹಿತ ಇನ್ನೊಂದು. ಏರಿಗಳನ್ನೆಲ್ಲ ಒಡೆದು ಪ್ರಕೃತಿಗೆ ಬಿಟ್ಟುಬಿಡಿರೆಂದು ಹೇಳುವವರು ಯಾವ ಪ್ರಕೃತಿಗೆ ಎಂಬುದನ್ನೂ ಹೇಳಬೇಕಾಗುತ್ತದೆ.

ಮುಂದೆ ದೊರೆಯುವ ರೈಲುನಿಲ್ದಾಣ ಮೊರ್ವ ಮೌದಖ್. ಮೊರ್ವ ಎಂದರೆ ಕಡಲಂಚಿನ ಜವುಗು. ಹಿಂದೆ ಎರಡು ಮಾರ್ಗಗಳು ಕೂಡುತ್ತಿದ್ದ ಈ ಜಂಕ್ಷನ್ನಿನಲ್ಲಿ ಒಂದು ಮಾರ್ಗ ಇನ್ನೂ ಜೀವಂತವಾಗಿದೆ. ಅದೇ ಅಳಿವೆಯ ಬಾಯನ್ನು ದಾಟಿ ಬಾರ್ಮತ್ತಿಗೆ ಹೋಗುವ ಕರಾವಳಿಯ ಮಾರ್ಗ. ದಾಟುವುದು 1867ರಲ್ಲಿ ತೆರೆದ, ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಸೇತುವೆಯ ಮೇಲೆ. ಬಾರ್ಮತ್ ಕಡೆಯ ತುದಿಯ ಕಬ್ಬಿಣದ ಭಾಗವನ್ನು ಬಿಟ್ಟರೆ ಉಳಿದುದೆಲ್ಲ ಮರಳಿನಲ್ಲಿ ಹುಗಿದ ಮರದ ಕಂಬಗಳ ಮೇಲೆ ನಿಂತಿದೆ. ಅಂಥ 113 ಅಂಕಣಗಳಿವೆ. ರೈಲಿನ ಪಕ್ಕದಲ್ಲೇ ನಡೆಯುವವರಿಗೂ ಸೈಕಲ್ಲಿನವರಿಗೂ ಹಲಗೆಯ ದಾರಿ ಉಂಟು.

ಈ ಮರದ ಸೇತುವೆಯನ್ನು ಒಂದು ಮೃದ್ವಂಗಿ ಮುಚ್ಚಿಸಿದ ಸಂಗತಿ ಕುತೂಹಲಕರವಾದುದು. 1980ರಲ್ಲಿ ಕಂಬಗಳನ್ನು ಪರೀಕ್ಷಿಸಿದವರು ನೀರಿನ ಕೆಳಗಣ ಮರವನ್ನು ಹಡಗುಹುಳು ತಿಂದುಹಾಕಿರುವುದನ್ನು ಕಂಡರು. ಟೆರಿಡೊ ಎಂಬ ಈ ಜೀವಿಗೆ ಹುಳುವೆಂದು ಹೆಸರು ಬಂದುದು ಅದರ ಆಕಾರದಿಂದ ಮಾತ್ರ. ವಂಶದಿಂದ ಅದು ಚಿಪ್ಪುಮೀನಿನ ನೆಂಟ. ಅದರ ಎರಡು ಚಿಪ್ಪುಗಳು ಕಿರಿದಾಗಿ ತಲೆಯ ತುದಿಗೆ ಸರಿದು ಅರದಂತೆ ಹಲ್ಲು ಪಡೆದಿವೆ. ಮೊಟ್ಟೆಯೊಡೆದು ಬಂದ ಮರಿ ನೀರಿನಲ್ಲಿ ತೇಲಿ ಮರವೊಂದನ್ನು ಸೇರಿ, ಗುಂಡುಸೂಜಿಯ ತಲೆಯಷ್ಟು ತೂತು ಮಾಡಿ ಒಳಹೊಗುತ್ತದೆ. ಒಳಗೆ ಬೆಳೆದಂತೆಲ್ಲ ಮುಂದಕ್ಕೆ ಕೊರೆಯುತ್ತದೆ, ಕೊರೆದ ಸುರಂಗಕ್ಕೆ ಸುಣ್ಣದ ಗಿಲಾವು ಕೊಡುತ್ತದೆ. ಕಿವಿರುಗಳಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಗಳ ನೆರವಿನಿಂದ ಮರದ ಸೆಲ್ಯುಲೋಸನ್ನೇ ಜೀರ್ಣಿಸಿಕೊಳ್ಳುತ್ತದೆ. ಬಾಗಿಲು ಮಾತ್ರ ಮೊದಲಿನಷ್ಟೇ ಕಿರಿದು. ಹೊರಗಿನಿಂದ ಕಂಬ ಗಟ್ಟಿಯಾಗಿಯೇ ಕಾಣುತ್ತದೆ. ಒಳಗೆ ಜೇನುಹುಟ್ಟಿನಂತೆ ತೂತು. 1730ರ ದಶಕದಲ್ಲಿ ಹಾಲೆಂಡಿನ ಕಡಲೊಡ್ಡುಗಳ ಮರವನ್ನು ಇದು ಹೀಗೆಯೇ ತಿಂದಾಗ, ಅಲ್ಲಿಯವರು ಹೊರದೇಶಗಳಿಂದ ಕಲ್ಲು ತರಿಸಿ ಒಡ್ಡುಗಳಿಗೆ ಹೊದಿಸಬೇಕಾಯಿತು. ಇದಕ್ಕೆ ಪ್ರತಿಯಾಗಿ ಒಂದು ಉಪಕಾರವೂ ಇದರಿಂದ ಆಗಿದೆ: ಮಾರ್ಕ್ ಬ್ರುನೆಲ್ 1818ರಲ್ಲಿ ಸ್ವಾಮ್ಯ ಪಡೆದ ಸುರಂಗ ಕೊರೆಯುವ ಕವಚಕ್ಕೆ ಈ ಜೀವಿಯೇ ಸ್ಫೂರ್ತಿಯಾಯಿತು, ಥೇಮ್ಸ್ ನದಿಯ ಕೆಳಗಣ ಸುರಂಗ ಆ ಕವಚದ ರಕ್ಷಣೆಯಲ್ಲಿ ಸಿದ್ಧವಾಯಿತು.

ಹಡಗುಹುಳುವಿಗೆ ಉಪ್ಪು ಅವಶ್ಯಕ. ಅಳಿವೆಯ ಬಾಯಲ್ಲಿ ಅದು ಧಾರಾಳವಾಗಿರುತ್ತದೆ. ಮೇಲೆ ಹೋದಂತೆ ನದಿಯ ಸಿಹಿನೀರು ಬೆರೆತು ಹುಳುವಿನ ಬಾಳು ಕಷ್ಟವಾಗುತ್ತದೆ. ಬಾರ್ಮತ್ತಿನಲ್ಲಿ ರೈಲುಗಳನ್ನು ನಿಲ್ಲಿಸಿ ಕೆಟ್ಟ ಕಂಬಗಳನ್ನು ಬದಲಿಸಿದರು, ಉಳಿದ ಹಲವಕ್ಕೆ ಕಾಂಕ್ರೀಟಿನ ಅಂಗಿ ತೊಡಿಸಿದರು. ಮೊದಲು ಹಗುರವಾದ ಗಾಡಿಗಳಿಗೂ, 1986ರಲ್ಲಿ ಮತ್ತೆ ಎಂಜಿನ್ನು ಎಳೆಯುವ ರೈಲುಗಳಿಗೂ ಅನುಮತಿ ದೊರೆಯಿತು. 2020ರಿಂದ 2023ರ ವರೆಗೆ ಇನ್ನೊಮ್ಮೆ ದೊಡ್ಡ ದುರಸ್ತಿ ನಡೆದು, ಮರದ ಭಾಗಗಳನ್ನು ಬದಲಿಸಿದರು, ಲೋಹದ ಅಂಕಣಗಳನ್ನು ಹೊಸದಾಗಿ ಕೂರಿಸಿದರು. ಹಳೆಯ ರೂಪವನ್ನೇ ಉಳಿಸಿಕೊಂಡುದು ಮೆಚ್ಚತಕ್ಕ ವಿಷಯ. ಆದರೆ ಇದರ ಅರ್ಥ ಮರವನ್ನು ಮತ್ತೆ ಮತ್ತೆ ಕೊಡುತ್ತಲೇ ಇರಬೇಕೆಂದು.

ಸೇತುವೆಯನ್ನು ದಾಟಿ ಬಾರ್ಮತ್ತಿನ ಹಿಂದಣ ಗುಡ್ಡವನ್ನು ಹತ್ತಿದರೆ ನಡೆದುಬಂದ ದಾರಿಯೆಲ್ಲ ಒಂದೇ ನೋಟಕ್ಕೆ ಸಿಕ್ಕುತ್ತದೆ. ಡಿನಾಸ್ ಒಲೆಯ್ ಎಂಬ ಈ ಗುಡ್ಡದ ನಾಲ್ಕೂವರೆ ಎಕರೆಯೇ 1895ರಲ್ಲಿ ಬ್ರಿಟನ್ನಿನ ನ್ಯಾಷನಲ್ ಟ್ರಸ್ಟಿಗೆ ದೊರೆತ ಮೊತ್ತಮೊದಲ ಆಸ್ತಿ. ಫ್ಯಾನಿ ಟಾಲ್‌ಬಟ್ ಎಂಬ ಮಹಿಳೆ ಅದನ್ನು ದಾನವಾಗಿತ್ತರು. ಇದೇ ಉತ್ತರದ ದಂಡೆಯ ಮನೆಯೊಂದರಲ್ಲಿ ಚಾರ್ಲ್ಸ್ ಡಾರ್ವಿನ್ 1869ರ ಬೇಸಗೆಯನ್ನು ಕಳೆದಿದ್ದರು. ಗುಡ್ಡದಿಂದ ದಕ್ಷಿಣಕ್ಕೆ ನೋಡಿದರೆ ಅಳಿವೆಯ ಬಾಯಿಗೆ ಅಡ್ಡಲಾಗಿ ಚಾಚಿದ ಉರುಟುಗಲ್ಲುಗಳ ಉದ್ದನೆಯ ನಾಲಗೆ, ಅದರ ಬೆನ್ನಿಗೆ ಚಪ್ಪಟೆ ನೆಲದ ಮೇಲೆ ಫೇರ್‌ಬರ್ನ್ ಎಂಬ ಊರು ಕಾಣುತ್ತವೆ.

ಫೇರ್‌ಬರ್ನ್ ಇರುವ ನೆಲ ಹಿಂದೆ ಉಪ್ಪುಜವುಗಾಗಿದ್ದಿತು. ಒಡ್ಡು ಕಟ್ಟಿ ಕಡಲನ್ನು ಹೊರಗಿಟ್ಟ ಆ ನೆಲದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಿಟ್ಟಿನ ವ್ಯಾಪಾರಿ ಆರ್ಥರ್ ಮ್ಯಾಕ್‌ಡೂಗಲ್ ವಿಹಾರಧಾಮವೊಂದನ್ನು ಕಟ್ಟಿಸತೊಡಗಿದನು. ಊರಿನ ಬಹುಭಾಗ ದೊಡ್ಡ ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಪಶ್ಚಿಮದಲ್ಲಿ ಕಡಲು, ಉತ್ತರದಲ್ಲಿ ಅಳಿವೆ, ಹಿಂದಿನ ಬೆಟ್ಟದಿಂದ ಮಳೆನೀರು ಹೀಗೆ ಮೂರು ಕಡೆಯ ನೀರನ್ನೂ ಊರು ನಿಭಾಯಿಸಬೇಕು. 2014ರಲ್ಲಿ ಗ್ವಿನೆಡ್ ಪರಿಷತ್ತು, ಏರುತ್ತಿರುವ ಕಡಲಿನಿಂದ ಈ ಊರನ್ನು ಇನ್ನು ಸುಮಾರು ನಾಲ್ವತ್ತು ವರ್ಷಗಳವರೆಗೆ ಮಾತ್ರ ಕಾಪಾಡುವುದಾಗಿಯೂ, ಆಮೇಲೆ ಊರನ್ನು ತೆರವು ಮಾಡಬೇಕಾದೀತೆಂದೂ ತಿಳಿಸಿತು. 2054 ಎಂಬ ವರ್ಷ ಪತ್ರಿಕೆಗಳಲ್ಲಿ ಬಂದೊಡನೆ ಮನೆಗಳ ಬೆಲೆ ಕುಸಿಯಿತು, ಮನೆಯ ಮೇಲೆ ಸಾಲ ಹುಟ್ಟದಂತಾಯಿತು. ನೀರು ಬರುವುದಕ್ಕೆ ದಶಕಗಳ ಮೊದಲೇ ಊರು ತನ್ನ ಅರ್ಧ ಬೆಲೆಯನ್ನು ಕಳೆದುಕೊಳ್ಳುವುದು ನ್ಯಾಯವೇ ಎಂದು ನಿವಾಸಿಗಳು ಕೇಳಿದರು. ಒಡ್ಡನ್ನು ಇನ್ನಷ್ಟು ಎತ್ತರಿಸಬಾರದೇಕೆ ಎಂದೂ ಕೇಳಿದರು. ಒಡ್ಡು ಎತ್ತರವಾದಷ್ಟೂ ಅದು ಒಮ್ಮೆ ಒಡೆದಾಗ ಒಳನುಗ್ಗುವ ನೀರಿನ ಆಳವೂ ವೇಗವೂ ಹೆಚ್ಚು ಎಂಬುದು ಎಂಜಿನಿಯರರ ಉತ್ತರ. ಸಾಲದುದಕ್ಕೆ ಕಡಲು ಏರಿದಂತೆ ನೆಲದಡಿಯ ನೀರಿನ ಮಟ್ಟವೂ ಏರುತ್ತದೆ. ಅದನ್ನು ಯಾವ ಒಡ್ಡೂ ತಡೆಯಲಾರದು. ಎರಡು ವಾದಗಳಲ್ಲಿಯೂ ಹುರುಳಿದೆ. ಆದರೆ ಊರನ್ನು ಬಿಡಿಸುವುದು ಅನಿವಾರ್ಯವೆಂದಾದರೆ ಅದರ ನಷ್ಟವನ್ನು ಅಲ್ಲಿಯ ಕೆಲವು ನೂರು ಮನೆಗಳವರ ತಲೆಗೇ ಕಟ್ಟುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ತಗ್ಗಿನಲ್ಲಿರುವ ಊರಿಗೂ ಏರಿಯ ಮೇಲಿರುವ ಹಳೆಯ ರೈಲುದಾರಿಗೂ ಎತ್ತರದ ಅಂತರ ಕೆಲವೇ ಮೀಟರು. ಸೈಕಲ್ಲಿನ ದಾರಿ ವರ್ಷಕ್ಕೆರಡು ದಿನ ನೀರಿನಲ್ಲಿ ಮುಳುಗಿದರೆ ಯಾರಿಗೂ ಕೇಡಿಲ್ಲ. ಮನೆ ಮುಳುಗಿದರೆ ಹಾಗಲ್ಲ. ಎಷ್ಟು ವರ್ಷದಲ್ಲಿ ಎಷ್ಟು ಏರುತ್ತದೆಂಬುದು ಊಹೆಯಿಂದ ತೀರುವ ಪ್ರಶ್ನೆಯಲ್ಲ. ಬ್ರಿಟನ್ನಿನ ಉಬ್ಬರಮಾಪಕಗಳ ರಾಷ್ಟ್ರೀಯ ಜಾಲಕ್ಕೆ ಸೇರಿದ ಒಂದು ಮಾಪಕ ಬಾರ್ಮತ್ತಿನಲ್ಲಿಯೇ ಇದೆ. ಅದು ಹದಿನೈದು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಗುರುತಿಸುತ್ತದೆ. ಫೇರ್‌ಬರ್ನಿನ ಗಡುವು ಹಿಂದಕ್ಕೆ ಸರಿಯಬೇಕೆ ಮುಂದಕ್ಕೆ ಹೋಗಬೇಕೆ ಎಂಬ ಚರ್ಚೆ ನಡೆದಾಗಲೆಲ್ಲ ಇಂಥ ಮಾಪಕಗಳ ಅಂಕಿಗಳನ್ನೇ ಎರಡು ಪಕ್ಷದವರೂ ಮೇಜಿನ ಮೇಲಿಡಬೇಕಾಗುತ್ತದೆ.